ಸವೇರಜ್ಜನ ಹಡಗು

ರೋಸಲಿನ್ ಯಾರನ್ನೂ ಒಂದೇ ಮಾತಿಗೆ ನಂಬಿದವಳಲ್ಲ. ಕುವೈತಿನ ಆಸ್ಪತ್ರೆಯೊಂದರ ವಿಮೆ ವಿಭಾಗದಲ್ಲಿ ಕೆಲಸ. ಹೊಟ್ಟೆನೋವು ಎಂದು ಬಂದವರನ್ನೂ ಎಡಕ್ಕೋ ಬಲಕ್ಕೋ ಎಂದು ಕೇಳಿ ಕೇಳಿ ರೂಢಿಯಾಗಿತ್ತು. ಮೀನು ತಾಜಾವೋ ಎಂದು ಕಿವಿರನ್ನು ಎಲ್ಲರೂ ಎತ್ತಿ ನೋಡುತ್ತಾರೆ, ಇವಳು ಎರಡೂ ಬದಿ ನೋಡುತ್ತಾಳೆ.

ಆದರೆ ಈಗಿನ ಅನುಮಾನ ತನ್ನ ಕರುಳುಬಳ್ಳಿಗೇ ಸುತ್ತಿಕೊಂಡಿತ್ತು. ಅಪ್ಪನನ್ನು ಊರಿನಲ್ಲಿ ಮಣ್ಣು ಮಾಡಿ ಬಂದ ಸಂಜೆ, ಅಪ್ಪನ ತಂದೆ ಸವೇರಜ್ಜನ ತಂಗಿ ಸೆವ್ರಿನಜ್ಜಿ ಎಲೆಯಡಿಕೆ ಜಗಿಯುತ್ತ ಅಂದಿದ್ದಳು: "ನಿನ್ನಪ್ಪ ಹುಟ್ಟಿದ್ದು ಐವತ್ತಾರರ ಜೂನ್ ನಡುವಿಗೆ. ಅಣ್ಣ ಕುವೈತಿಗೆಂದು ಮನೆ ಬಿಟ್ಟದ್ದು ಅದರ ಹಿಂದಿನ ಆಗಸ್ಟ್ ಮೊದಲಿಗೆ. ಲೆಕ್ಕ ನೀನೇ ಹಾಕು."

ಮುದುಕಿಯ ಬಳಿ ಸಾಕ್ಷಿಯೂ ಇತ್ತು. ಆ ಸೆಪ್ಟೆಂಬರಿನಲ್ಲಿ, ಹೊಸ ಬೆಳೆಯನ್ನು ಮನೆಯವರೆಲ್ಲ ಹಂಚಿ ತಿನ್ನುವ ಮೊಂತಿ ಹಬ್ಬದ ದಿನ, ಇಗರ್ಜಿಯಿಂದ ತಂದ ಹೊಸ ತೆನೆ ಲಕೋಟೆಗೆ ಹೋದದ್ದನ್ನು ಎಂಟು ವರ್ಷದ ಅವಳು ಕಣ್ಣಾರೆ ಕಂಡಿದ್ದಳು. ಲಕೋಟೆಗೆ ಹೋಗುವುದು ಹಬ್ಬದೂಟಕ್ಕೆ ಮನೆಯಲ್ಲಿಲ್ಲದೆ ಪರವೂರಿನಲ್ಲಿರುವವರ ಪಾಲು ತಾನೆ? ಅಂದರೆ ಅಣ್ಣ ಆಗಲೇ ಹೊರಟುಹೋಗಿದ್ದ.

ಹಾಗಾದರೆ ಅಪ್ಪ ಯಾರ ಮಗ? ರೋಸಲಿನ್ ಅಜ್ಜನ ಹಡಗನ್ನು ಹುಡುಕತೊಡಗಿದಳು. ಪಾಸ್‌ಪೋರ್ಟ್ ಗೆದ್ದಲಿಗೆ ಹೋಗಿತ್ತು. ಉಳಿದವರು ರುಡಾಲ್ಫ್ ಅಂಕಲ್ ಒಬ್ಬರೇ. ಅವರ ತಂದೆ ಜೇಮ್ಸ್, ಅಜ್ಜನ ಜೊತೆ ಅದೇ ಹಡಗಿನಲ್ಲಿ ಬಂದವರು.

ಕುವೈತಿಗೆ ಮರಳಿದ ಮೇಲೆ, ಬ್ನೇದ್ ಅಲ್ ಗಾರ್ ಬಡಾವಣೆಯ ತಮ್ಮ ಫ್ಲ್ಯಾಟಿನಲ್ಲಿ ಅಂಕಲ್ ಚಹಾ ಕೊಟ್ಟರು.

"ಹಡಗಿನ ಹೆಸರು ಗೊತ್ತಿಲ್ಲ ಮಾರಾಯ್ತಿ."

"ಶುವೈಖ್ ಬಂದರಿನ ಕಟ್ಟೆಯಲ್ಲೇ ಇಳಿದರಲ್ಲವಾ?" ತಪ್ಪೆಂದು ತಿಳಿದೂ ಬೇಕೆಂದೇ ಕೇಳಿದಳು.

"ಆಗೆಲ್ಲಿಯ ಕಟ್ಟೆ? ಹಡಗು ದೂರ ನಿಂತು, ದೋಣಿಯಲ್ಲಿ ಬಂದದ್ದು. ನನ್ನನ್ನು ಪರೀಕ್ಷೆ ಮಾಡುತ್ತೀಯಾ? ನೀನು ಪೊಲೀಸ್ ಆಗಬೇಕಿತ್ತು."

ಅವಳು ನಗಲಿಲ್ಲ.

"ಒಂದು ನೆನಪುಂಟು," ಅಂಕಲ್ ಅಂದರು. "ನನ್ನಪ್ಪ ಬೊಂಬಾಯಿಯಲ್ಲಿದ್ದು ಮೊಂತಿ ಹಬ್ಬ ತಪ್ಪಿಸಿಕೊಂಡಿದ್ದರು. ಹಡಗು ಹೊರಟ ದಿನ ನಿಮ್ಮಜ್ಜ ಲಕೋಟೆ ಒಡೆದು ಹೊಸ ಭತ್ತ ಕೊಟ್ಟರಂತೆ. ಅದನ್ನು ಚಹಾಕ್ಕೆ ಹಾಕಿ ಕುಡಿದರಂತೆ."

ಅಂದರೆ ಹಡಗು ಹೊರಟದ್ದು ಹಬ್ಬದ ಮೇಲೆ. ರೋಸಲಿನ್‌ಗೆ ಇನ್ನೂ ನಂಬಿಕೆ ಬರಲಿಲ್ಲ. ಆಗಸ್ಟಿನಲ್ಲೇ ಮನೆ ಬಿಟ್ಟ ಅಜ್ಜ ಬೊಂಬಾಯಿಯಲ್ಲಿ ಹಡಗಿಗೆ ಕಾಯುತ್ತಿದ್ದಾಗ ಆ ಲಕೋಟೆ ಅಂಚೆಯಲ್ಲಿ ಬಂದಿದ್ದರೆ? ಅಂಕಲ್ ತನ್ನ ಮುಖ ನೋಡಿ, ಪಾಪ ಎನಿಸಿ ಕಟ್ಟಿ ಹೇಳುತ್ತಿದ್ದರೆ?

ಕೆಳಗಿಳಿದು ಕಾರಿನಲ್ಲಿ ಕೂತು ಊರಿಗೆ, ಸೆವ್ರಿನಜ್ಜಿಗೆ ಫೋನ್ ಮಾಡಿದಳು.

"ಚಿಕ್ಕಜ್ಜಿ, ಆ ತೆನೆಯನ್ನು ಲಕೋಟೆಗೆ ಹಾಕಿದ್ದು ಯಾರು?"

"ಇದೆಂಥ ಪ್ರಶ್ನೆ? ತೆನೆ ಹಂಚುವುದು ಮನೆಯ ಹಿರಿಯ. ಬೇರೆಯವರು ಮುಟ್ಟುತ್ತಾರಾ?"

"ಮುತ್ತಜ್ಜ ಇದ್ದರಾ ಆಗ?"

"ಇಲ್ಲ, ಅಪ್ಪ ಸತ್ತು ವರ್ಷವಾಗಿತ್ತು."

"ಮತ್ತೆ ಹಿರಿಯ ಯಾರು?"

ಆ ಕಡೆ ಅಡಿಕೆ ಜಗಿಯುವ ಸದ್ದು ನಿಂತಿತು.

"ಅಣ್ಣ," ಎಂದಳು ಸೆವ್ರಿನಜ್ಜಿ. "ಅಣ್ಣನೇ. ನನ್ನ ಬಟ್ಟಲಿಗೂ ಅವನೇ ಹಾಕಿದ. ಆಮೇಲೆ ಲಕೋಟೆಯ ಅಂಟು ನೆಕ್ಕಿ ಮುಖ ಕಿವಿಚಿದ. ನಾನು ನಕ್ಕುಬಿಟ್ಟೆ. ಲಕೋಟೆ ಕಂಡದ್ದಕ್ಕೆ, ಅವನು ಹೋಗಿಯಾಗಿದೆ ಅಂತಲೇ ಇಷ್ಟು ವರ್ಷ ನಂಬಿದ್ದೆ ಮಗಾ. ನಿನ್ನಜ್ಜಿಯ ಹತ್ತಿರ ಸರಿಯಾಗಿ ಮಾತೂ ಆಡಲಿಲ್ಲ."

ರೋಸಲಿನ್ ಸ್ಟೀರಿಂಗಿಗೆ ಹಣೆಯಾನಿಸಿದಳು. ಹಡಗಿನ ಹೆಸರಾಗಲಿ ತಾರೀಕಾಗಲಿ ಇನ್ನೂ ಸಿಕ್ಕಿರಲಿಲ್ಲ. ಆದರೆ ಹಬ್ಬದ ದಿನ ಅಜ್ಜ ಮನೆಯಲ್ಲೇ ಇದ್ದರು; ಲಕೋಟೆ ಜೇಮ್ಸರಿಗೆಂದು ಅವರೇ ಒಯ್ದದ್ದು.

"ಮುಖ ಹೇಗೆ ಕಿವಿಚಿದರು?" ಎಂದಳು. "ಇನ್ನೊಮ್ಮೆ ಹೇಳಿ, ಚಿಕ್ಕಜ್ಜಿ."