ಕುಬಸಕ್ಕೆ ಕರೀ ಖಣ

"ನನ್ನ ಮಗಳ ಕುಬಸಕ್ಕ ಕರೀ ಖಣ ತೋರಸ್ತೀಯೇನಬೇ?"

ವಿಜಯಪುರಕ್ಕೆ ಬಂದು ಎಂಟು ತಿಂಗಳಾಗಿತ್ತು. ಯಾರೂ ನನ್ನನ್ನು ಹೀಗೆ ಗದರಿಸಿರಲಿಲ್ಲ. ಕಾಖಂಡಕಿಯಿಂದ ಬಸ್ ಹಿಡಿದು ಅಂಗಡಿಗೆ ಬಂದ ಗಂಗವ್ವ ತಮ್ಮ ಮೊಬೈಲನ್ನು ನನ್ನ ಮೂಗಿನ ಮುಂದೆ ಹಿಡಿದಿದ್ದರು. ಪರದೆಯಲ್ಲಿದ್ದ ಖಣ, ಅಂದರೆ ರವಿಕೆಯ ಬಟ್ಟೆ, ಕಾಡಿಗೆಯಷ್ಟು ಕಪ್ಪಗಿತ್ತು. ಕುಬಸವೆಂದರೆ ಇಲ್ಲಿ ಬಸುರಿ ಮಗಳಿಗೆ ತವರಿನವರು ಹಸಿರು ಸೀರೆ, ಹಸಿರು ಖಣ ತಂದು ಉಡಿಸುವ ಶಾಸ್ತ್ರ. ಕುಂದಾಪುರದ ನಾವು ಸೀಮಂತ ಅನ್ನುತ್ತೇವೆ.

ಗಂಡನಿಗೆ ಬಬಲೇಶ್ವರದ ಕಾಲೇಜಿನಲ್ಲಿ ಕೆಲಸ, ಬಾಡಿಗೆ ಮನೆ ಗೋಳಗುಮ್ಮಟದ ಹತ್ತಿರ. ಮನೆಯೊಡತಿ ಮೊದಲ ದಿನವೇ "ಏನಬೇ" ಎಂದಾಗ ಮುಖ ಊದಿಸಿಕೊಂಡಿದ್ದೆ. ಅದು ಸಲುಗೆಯ ಮಾತೆಂದು ತಿಳಿಯಲು ತಿಂಗಳು ಹಿಡಿಯಿತು. ಕುಚ್ಚಲಕ್ಕಿ ಗಂಜಿಯ ಗಂಟಲಿಗೆ ಜೋಳದ ರೊಟ್ಟಿ ಇಳಿಯುತ್ತಿರಲಿಲ್ಲ; ಈಗ ಶೇಂಗಾ ಹಿಂಡಿಯೆಂಬ ಚಟ್ನಿಪುಡಿ, ಮೊಸರು ಇದ್ದರೆ ಮೂರು ರೊಟ್ಟಿಯೂ ಸಾಲುವುದಿಲ್ಲ. ಕಂಪ್ಯೂಟರ್ ಓದಿ ಮನೆಯಲ್ಲಿ ಕೂತವಳಿಗೆ ಹೊತ್ತು ಮಾತ್ರ ಹೋಗುತ್ತಿರಲಿಲ್ಲ. ಹಾಗಾಗಿ ಖಣದ ಅಂಗಡಿಯ ಮೆಹಬೂಬ ಕಾಕಾ ಗಿರಾಕಿಗಳಿಗೆ ಮೊಬೈಲಿನಲ್ಲೇ ಖಣ ತೋರಿಸುವ ಒಂದು ಆ್ಯಪ್ ಮಾಡಿಕೊಡು ಎಂದಾಗ ಕುಣಿದುಬಿಟ್ಟೆ. ಈ ಊರು ನನ್ನನ್ನು ನಂಬಿ ಕೊಟ್ಟ ಮೊದಲ ಕೆಲಸ. ಅದೀಗ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಗುವುದರಲ್ಲಿತ್ತು.

"ನಾಡಿದ್ದ ಕುಬಸ ಐತಿ. ನಾ ಬ್ಯಾರೆ ಅಂಗಡಿ ನೋಡ್ಕೋತೀನಿ," ಎಂದು ಗಂಗವ್ವ ಎದ್ದರು.

"ಕುಂದರ್ರಿ ಯಕ್ಕಾರ, ಚಾ ಕುಡೀರಿ. ಅಷ್ಟರಾಗ ಸರಿ ಮಾಡ್ತಾಳ," ಎಂದರು ಕಾಕಾ. ಅವರ ಧೈರ್ಯ ನನಗಿರಲಿಲ್ಲ. ಲ್ಯಾಪ್‌ಟಾಪ್ ತೆರೆದೆ.

ಕಂಪ್ಯೂಟರಿನಲ್ಲಿ ಬಣ್ಣಕ್ಕೊಂದು ಸಂಕೇತವಿರುತ್ತದೆ: ಒಂದು ಹ್ಯಾಶ್ ಗುರುತು, ಮುಂದೆ ಆರು ಅಂಕಿ-ಅಕ್ಷರ. ಎರಡೆರಡಾಗಿ ಬಿಡಿಸಿದರೆ ಕೆಂಪೆಷ್ಟು, ಹಸಿರೆಷ್ಟು, ನೀಲಿಯೆಷ್ಟು ಎಂದು ಸಿಗುತ್ತದೆ. ಆ ಮೂರನ್ನು ಸೇರಿಸಿ ಪರದೆ ಬಳಿಯಬಲ್ಲ ಬಣ್ಣವನ್ನು (ಕಲರ್ ಆಬ್ಜೆಕ್ಟ್) ಮಾಡುವ ನಾಲ್ಕು ಸಾಲು ಕೋಡ್ ನಾನೇ ಬರೆದಿದ್ದೆ. ಆದರೆ ಈ ಹಸಿರಿನ ಸಂಕೇತ #084, ಮೂರೇ ಅಂಕಿಯ ಚಿಕ್ಕ ರೂಪ. ಅದರ ಒಂದೊಂದು ಅಂಕಿಯನ್ನೂ ಎರಡು ಸಲ ಬರೆದು 008844 ಎಂದು ಓದಿಕೊಳ್ಳಬೇಕು. ನನ್ನ ಸಾಲುಗಳಿಗೆ ಅದು ಗೊತ್ತಿರಲಿಲ್ಲ. ಗೊತ್ತಾಗದಿದ್ದರೆ ಕಪ್ಪು ಬಳಿ ಎಂದು ನಾನೇ ಬರೆದಿಟ್ಟಿದ್ದೆ, ಕಪ್ಪು ಯಾರಿಗೇನು ಮಾಡೀತು ಎಂದುಕೊಂಡು.

ಕಾಕಾನಿಗೆ ವಿವರಿಸಿದೆ. ಅವರು ನಕ್ಕರು.

"ತಂಗೀ, ತಿಳೀಲಿಲ್ಲಂದ್ರ ತಿಳೀಲಿಲ್ಲ ಅನಬೇಕು. ಕರೀ ಯಾಕ ಬಳೀಬೇಕು?"

ನನಗೆ ಕಲಿಸಿದ ಯಾವ ಮೇಷ್ಟರೂ ಇಷ್ಟು ಸರಿಯಾಗಿ ಹೇಳಿರಲಿಲ್ಲ. ಮೂರನ್ನು ಆರು ಮಾಡುವ ಸಾಲು ಸೇರಿಸಿದೆ. ಕಪ್ಪನ್ನು ಕಿತ್ತುಹಾಕಿ, ಆ ಜಾಗದಲ್ಲಿ "ಈ ಬಣ್ಣ ಅಂಗಡ್ಯಾಗ ಕೇಳ್ರಿ" ಎಂದು ಬರೆದೆ. ಖಣ ಹಸಿರಾಯಿತು. ಗಂಗವ್ವ ತಮ್ಮ ಹಸಿರು ಗಾಜಿನ ಬಳೆಗಳನ್ನು ಪರದೆಗೆ ಹಿಡಿದು ನೋಡಿದರು. ಅಷ್ಟಕ್ಕೆ ಬಿಡದೆ ನಿಜವಾದ ಖಣವನ್ನು ಬೀದಿಯ ಬಿಸಿಲಿಗೂ ಒಯ್ದು ನೋಡಿ ಬಂದರು.

"ಹೂಂ, ಇದ ನೋಡು. ನೀನೂ ಬಾ ಘೋಣಸಗಿಗೆ. ಮಗಳ ಮನಿ ಅಲ್ಲೇ ಐತಿ."

ಕುಬಸದ ದಿನ ಟಿಕೋಟಾ ದಾಟಿ ಘೋಣಸಗಿಗೆ ಹೋದೆ. ಗಂಗವ್ವನ ಮಗಳ ಪಕ್ಕದಲ್ಲೇ ನನ್ನನ್ನು ಕೂರಿಸಿದರು. ಊಟದ ಹೊತ್ತಿಗೆ ಒಗ್ಗರಣೆಯ ವಾಸನೆಗೆ ಹೊಟ್ಟೆ ತೊಳಸಿ ಹೊರಗೋಡಿದೆ. ಹಿಂದೆಯೇ ಗಂಗವ್ವ ನೀರಿನ ಚೊಂಬು ಹಿಡಿದು ಬಂದರು.

"ಎಷ್ಟ ತಿಂಗಳಾತಬೇ?"

"ಮೂರು," ಎಂದೆ. ಗಂಡನನ್ನು ಬಿಟ್ಟರೆ ಯಾರಿಗೂ ಹೇಳಿರಲಿಲ್ಲ.

"ತವರಮನಿ ದೂರ ಅಂತ ಚಿಂತಿ ಮಾಡಬ್ಯಾಡ. ನಿನ್ನ ಕುಬಸ ನಾ ಮಾಡ್ತೇನಿ."

ಅಳು ಬಂದುಬಿಟ್ಟಿತು. ಹೂಂ ಎಂದೆ. ಸಂಜೆ ಮನೆಗೆ ಬಂದವಳೇ ಅಮ್ಮನಿಗೆ ಫೋನ್ ಮಾಡಿ ಸುದ್ದಿ ಹೇಳಿದೆ. ಅಮ್ಮನೂ ಅತ್ತಳು. "ಏಳನೇ ತಿಂಗ್ಳಿಗೆ ಮನಿಗ್ ಬಾ ಹೆಣ್ಣೇ, ಸೀಮಂತ ಇಲ್ಲೇ," ಎಂದಳು.

ಅದಕ್ಕೂ ಹೂಂ ಎಂದೆ. ಇಬ್ಬರಲ್ಲಿ ಯಾರಿಗೂ ಸುಳ್ಳು ಹೇಳಿದೆ ಅನ್ನಿಸಲಿಲ್ಲ.