ನೀಲಿ ಟಬ್ಬಿನ ಹೊಳೆ

ಕಳೆದ ಗುರುವಾರ ಸಂಜೆ ಆಫೀಸಿನಿಂದ ಬಂದು ದೋಹಾದ ಓಲ್ಡ್ ಏರ್‌ಪೋರ್ಟ್ ಬಡಾವಣೆಯ ನಮ್ಮ ಫ್ಲ್ಯಾಟಿನ ಬಾಗಿಲು ತೆಗೆದಾಗ ನೇಲ್ ಪಾಲಿಶಿನ ವಾಸನೆ ಬಂತು. ಮೂಗಿಗೆ ಚುಚ್ಚುವ, ಸ್ವಲ್ಪ ಸಿಹಿಯಾದ ಆ ವಾಸನೆ ಬೇರೆಯವರಿಗೆ ಮದುವೆಮನೆಯನ್ನು ನೆನಪಿಸಬಹುದು. ನನಗೆ ಅದು ಅಪ್ಪನ ವಾಸನೆ. ಅಪ್ಪ ತೀರಿಕೊಂಡು ಮೂರು ವರ್ಷವಾಯಿತು. ಅಂದಿನಿಂದ ಅಮ್ಮ ಆ ಬಾಟಲಿ ಮುಟ್ಟಿರಲಿಲ್ಲ. ಊರಿನ ಹೆಂಗಸರು ಮುಟ್ಟಲು ಬಿಟ್ಟಿರಲಿಲ್ಲ. ಚಪ್ಪಲಿ ಕಳಚದೆ ಒಳಗೆ ಓಡಿದೆ. ಅಮ್ಮ ಊಟದ ಮೇಜಿನ ಮುಂದೆ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು, ಅಪ್ಪ ಕಟ್ಟಿದವುಗಳಲ್ಲಿ ಉಳಿದಿರುವ ಒಂದೇ ಒಂದು ನೊಣದ ಕುತ್ತಿಗೆಗೆ ಕೆಂಪು ಬಣ್ಣ ಮುಟ್ಟಿಸುತ್ತಿದ್ದಳು. "ಗಂಟು ಸಡಿಲ ಆಗಿತ್ತು ಮಾರಾಯ್ತಿ," ಎಂದಳು, ತಲೆ ಎತ್ತದೆ.

ನೊಣ ಎಂದರೆ ನಿಜವಾದ ನೊಣವಲ್ಲ. ಗರಿ, ನೂಲು ಸುತ್ತಿ ಹುಳದ ವೇಷ ಹಾಕಿಸಿದ ಪುಟ್ಟ ಗಾಳ. ಬೆಟ್ಟದ ತಣ್ಣೀರಿನ ಟ್ರೌಟ್ ಮೀನು ಅದನ್ನು ಹುಳವೆಂದೇ ನಂಬಿ ಬಾಯಿ ಹಾಕಬೇಕು. ದೋಹಾದಿಂದಾಚೆ, ಬೆಟ್ಟವೂ ಹೊಳೆಯೂ ಇಲ್ಲದ ಮರಳುಗಾಡಿನ ದುಖಾನಿನಲ್ಲಿ, ಕಂಪನಿ ಕೊಟ್ಟ ಕ್ವಾರ್ಟರ್ಸಿನ ಅಡುಗೆಮನೆಯಲ್ಲಿ ಕೂತು ಅಪ್ಪ ಅಂಥ ನೂರಾರು ನೊಣ ಕಟ್ಟಿದ. ತೈಲಬಾವಿಯ ಪಂಪುಗಳನ್ನು ರಿಪೇರಿ ಮಾಡುತ್ತಿದ್ದ ಅವನಿಗೆ, ಕೆಲಸ ಮುಗಿಸಿ ಹೊರಟ ಬ್ರಿಟಿಷ್ ಇಂಜಿನಿಯರೊಬ್ಬ ತನ್ನ ಗಾಳದ ಕೋಲನ್ನೂ ಚಿತ್ರಗಳಿದ್ದ ಪುಸ್ತಕವೊಂದನ್ನೂ ಕೊಟ್ಟು ಹೋಗಿದ್ದ. ಗರಿ ನಮ್ಮ ಏಸಿ ಡಬ್ಬದ ಮೇಲೆ ಸಂಸಾರ ಹೂಡಿದ್ದ ಪಾರಿವಾಳದ್ದು. ಮಿಂಚುವ ಎಳೆ ಅಮ್ಮನ ಧಾರೆ ಸೀರೆಯ ಜರಿಯದ್ದು. ಗಂಟು ಬಿಚ್ಚದಿರಲೆಂದು ಕೊನೆಗೆ ಒಂದು ಹನಿ ಅಮ್ಮನ ನೇಲ್ ಪಾಲಿಶ್. "ನನ್ನ ಉಗುರಿಗೆ ಇಲ್ಲ, ನಿಮ್ಮ ಹುಳಕ್ಕೆ ಉಂಟು," ಎಂದು ಗೊಣಗುತ್ತಲೇ ಅಮ್ಮ ದೋಹಾಕ್ಕೆ ಹೋದಾಗಲೆಲ್ಲ ಎರಡು ಬಾಟಲಿ ತರುತ್ತಿದ್ದಳು.

ಅಪ್ಪ ಮಲ್ಪೆಯಲ್ಲಿ ಬಲೆ ಬೀಸಿದವರ ಮಗ. ದುಖಾನಿನ ಕಡಲು ಹತ್ತಿರವೇ ಇತ್ತು, ಆದರೆ ಅದು ಅವನಿಗೆ ಸಾಲದು. "ಕಡಲಿನ ಮೀನು ನೆಂಟರ ಹಾಗೆ, ಕರೆದರೆ ಬರ್ತದೆ. ಟ್ರೌಟಿಗೆ ಸೊಕ್ಕು ಉಂಟು," ಎನ್ನುತ್ತಿದ್ದ. ಚಳಿಗಾಲದ ಶುಕ್ರವಾರ ಬೆಳಿಗ್ಗೆ ಮನೆಯ ಹಿಂದಿನ ಮರಳಿನಲ್ಲಿ ಬಟ್ಟೆ ಒಗೆಯುವ ನೀಲಿ ಟಬ್ಬನ್ನು ಇಟ್ಟು, ಇಪ್ಪತ್ತು ಹೆಜ್ಜೆ ದೂರ ನಿಂತು ದಾರ ಬೀಸುತ್ತಿದ್ದ. ದಾರ ಸುಯ್ಯೆಂದು ಹಿಂದೆ ಹಾರಿ, ಮುಂದೆ ಚಾಚಿ, ನೊಣ ಸದ್ದಿಲ್ಲದೆ ಟಬ್ಬಿನೊಳಗೆ ಕೂರಬೇಕು. ಪಕ್ಕದ ಮನೆಯ ಹಮೀದಾಕ ನಮಾಜಿಗೆ ಹೊರಟವರು ಗೇಟಿನಲ್ಲಿ ನಿಂತು, "ಶೇಖರಣ್ಣಾ, ಮರಳಲ್ಲಿ ಇವತ್ತು ಬಂಗುಡೆಯಾ ಬೂತಾಯಿಯಾ?" ಎಂದು ಕೇಳುತ್ತಿದ್ದರು. "ಯಲ್ಲಾ, ಬೇಗ ಪಾತ್ರೆ ತನ್ನಿ," ಎಂದು ಅಪ್ಪ ನಗುತ್ತಿದ್ದ. ಅಮ್ಮ ಒಮ್ಮೆಯೂ ಮರಳಿಗೆ ಇಳಿದವಳಲ್ಲ. ಚಹಾದ ಲೋಟ ಹಿಡಿದು ಮೆಟ್ಟಿಲ ಮೇಲೆ ಕೂತು ತಲೆ ಚಚ್ಚಿಕೊಳ್ಳುತ್ತಿದ್ದಳು. ಏಳು ಚಳಿಗಾಲ ಹೀಗೆ ನಡೆಯಿತು.

ನನಗೆ ಹನ್ನೆರಡಾದ ವರ್ಷ ಊರಿಗೆ ಹೋಗುವ ರಜೆಯನ್ನು ಬಿಟ್ಟು ಅಪ್ಪ ನಮ್ಮನ್ನು ಜಾರ್ಜಿಯಾ ದೇಶಕ್ಕೆ ಕರೆದೊಯ್ದ. ಹಿಮ ಹೊದ್ದ ಬೆಟ್ಟಗಳ ನಡುವೆ, ಕಲ್ಲಿಗೆ ಕಲ್ಲು ತಾಗಿಸಿಕೊಂಡು ಹರಿಯುವ ಹಸಿರು ಹೊಳೆ. ಚಳಿಗೆ ನನ್ನ ಕಿವಿ ನನ್ನದೇ ಅಲ್ಲ ಎನ್ನಿಸುತ್ತಿತ್ತು. ಮೂರು ದಿನ ಅಪ್ಪ ಬೀಸಿದ. ನೊಣ ಎಲ್ಲಿ ಬೇಕೋ ಅಲ್ಲೇ ಬೀಳುತ್ತಿತ್ತು, ಆದರೆ ಬಿದ್ದ ಕೂಡಲೇ ಪ್ರವಾಹ ದಾರವನ್ನು ಎಳೆದು ಅದನ್ನು ಅಡ್ಡಾದಿಡ್ಡಿ ಓಡಿಸುತ್ತಿತ್ತು. ಹಾಗೆ ಓಡುವ ಹುಳವನ್ನು ಯಾವ ಮೀನು ನಂಬುತ್ತದೆ? ಮೂರನೆಯ ದಿನ ಮಧ್ಯಾಹ್ನ ಅಪ್ಪ ಕೋಲು ಇಳಿಸಿ ನನ್ನ ಕಡೆ ತಿರುಗಿದ. "ನೀರು ಹರೀತದೆ ಅಂತ ಮರೆತೇ ಬಿಟ್ಟಿದ್ದೆ ಮಗಾ," ಎಂದ. ಮೀನುಗಾರರ ಮನೆಯಲ್ಲಿ ಹುಟ್ಟಿದವನು! ಏಳು ವರ್ಷ ಅಲುಗಾಡದ ಮರಳಿಗೆ ಬೀಸಿ ಬೀಸಿ ಅವನ ಕೈಗೆ ಹೊಳೆಯೇ ಮರೆತುಹೋಗಿತ್ತು. ಜೊತೆಗಿದ್ದ ಮುದುಕ ಗೈಡ್ ಕನಿಕರದಿಂದ ಒಂದು ಎರೆಹುಳ ಚಾಚಿದ. ಅದನ್ನು ಸಿಕ್ಕಿಸಿದರೆ ಫೋಟೋಕ್ಕೊಂದು ಮೀನು ಖಂಡಿತ. ಅಪ್ಪನ ಕಣ್ಣು ತುಂಬಿತ್ತು, ಆದರೂ ಕೈ ಅಡ್ಡ ಮಾಡಿದ. "ಮಾಫಿ," ಎಂದ, ಅಭ್ಯಾಸಬಲದಿಂದ ಅರಬಿಯಲ್ಲಿ; ಇಲ್ಲ, ಬೇಡ ಎಂದರ್ಥ. ಆ ಒಂದು 'ಬೇಡ'ಕ್ಕೆ ನಾನು ಇವತ್ತಿಗೂ ಹೆಮ್ಮೆಪಡುತ್ತೇನೆ.

ವಾಪಸು ಬಂದ ಮೊದಲ ಶುಕ್ರವಾರವೇ ಅಪ್ಪ ಟಬ್ಬಿಗೆ ಹಗ್ಗ ಕಟ್ಟಿ ತುದಿಯನ್ನು ನನ್ನ ಕೈಗಿತ್ತ. ನಾನು ಹೊಳೆಯಾದೆ. ಮರಳಿನ ಮೇಲೆ ಟಬ್ಬನ್ನು ದರದರ ಎಳೆಯುತ್ತಾ ಓಡುವುದು, ಓಡುವ ಟಬ್ಬಿನೊಳಗೆ ಅಪ್ಪ ನೊಣ ಇಳಿಸುವುದು. ಹಮೀದಾಕ ಮಾತ್ರ ನಕ್ಕು ನಕ್ಕು ಗೇಟು ಹಿಡಿದುಕೊಂಡರು. ಮುಂದಿನ ವರ್ಷ ಮತ್ತೆ ಹೋಗುವುದೆಂದು ಮಾತಾಗಿತ್ತು. ಅಷ್ಟರಲ್ಲಿ ಅಪ್ಪನ ಕೆಲಸ ಖಲಾಸ್ ಆಯಿತು. ಕೆಲಸ ಹೋದರೆ ವೀಸಾ ಹೋಗುತ್ತದೆ, ವೀಸಾ ಹೋದರೆ ಮನೆ. ಗೋಡೆಯ ಮೇಲೆ ನನ್ನ ಎತ್ತರ ಗುರುತಿಸಿದ್ದ ಪೆನ್ಸಿಲ್ ಗೆರೆಗಳ ಮೇಲೆ ಬಿಳಿ ಬಣ್ಣ ಬಳಿದು ಬೀಗದಕೈ ಒಪ್ಪಿಸಿದೆವು. ಆ ಹೊಳೆಯನ್ನು ಅಪ್ಪ ಮತ್ತೆ ನೋಡಲಿಲ್ಲ.

ಕಳೆದ ವರ್ಷ ನನಗೆ ಇಲ್ಲಿ ಕೆಲಸ ಸಿಕ್ಕಿ ಅಮ್ಮನನ್ನು ಕರೆಸಿಕೊಂಡಾಗ, "ಅಲ್ಲಿ ನಿಮ್ಮದು ಎಂತ ಉಂಟು? ಅದು ಮನೆಯಲ್ಲ, ಕ್ವಾರ್ಟರ್ಸ್," ಎಂದಿದ್ದರು ಊರಿನ ದೊಡ್ಡಮ್ಮ. ಅದು ಮನೆ. ಕಂಪನಿಯ ಕಾಗದದಲ್ಲಿ ಏನೇ ಇರಲಿ, ಯಾರ ಮುಖಕ್ಕಾದರೂ ಹೇಳುತ್ತೇನೆ. ನಿಮಗೂ ಅಂಥದೊಂದು ಮನೆ ಇದ್ದು, ಯಾರಾದರೂ ಅದನ್ನು ಲೆಕ್ಕಕ್ಕಿಲ್ಲದ್ದು ಎಂದಿದ್ದರೆ ನೀವೂ ಬಿಟ್ಟುಕೊಡಬೇಡಿ. ಜನವರಿಗೆ ಜಾರ್ಜಿಯಾಕ್ಕೆ ಎರಡು ಟಿಕೆಟ್ ಮಾಡಿಸಿದ್ದೇನೆ. ಸುದ್ದಿ ಕೇಳಿ ದೊಡ್ಡಮ್ಮ ಮತ್ತೆ ಫೋನ್ ಮಾಡಿದರು: ಒಂದು ಮೀನೂ ಹಿಡಿಯದವನ ಹುಚ್ಚು ನಿಮಗೂ ಹಿಡಿಯಿತಾ, ಉಳಿದ ಆ ಒಂದು ನೊಣಕ್ಕೆ ಫ್ರೇಮ್ ಹಾಕಿಸಿ ಇಡಿ, ನೀರಲ್ಲಿ ಹೋದರೆ? ಹೋಗಲಿ. ಅಪ್ಪ ಅದನ್ನು ಗೋಡೆಗೆ ಕಟ್ಟಿದ್ದಲ್ಲ. ಅಮ್ಮ ಸ್ಪೀಕರಿನಲ್ಲಿ ಎಲ್ಲವನ್ನೂ ಕೇಳಿಸಿಕೊಂಡು ಒಳಗೆ ಹೋದಳು.

ನಿನ್ನೆ ಶುಕ್ರವಾರ ಇಬ್ಬರೂ ದುಖಾನಿಗೆ ಹೋದೆವು. ನಮ್ಮ ಮನೆಯ ಸುತ್ತ ಈಗ ಬೇಲಿ. ಬೇಲಿಯಾಚೆಯ ಮರಳಿನಲ್ಲಿ ಕಾರು ನಿಲ್ಲಿಸಿ ಹೊಸ ನೀಲಿ ಟಬ್ಬನ್ನು ಇಳಿಸಿದೆ. ಒಮ್ಮೆಯೂ ಮರಳಿಗೆ ಇಳಿಯದ ಅಮ್ಮ ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿ, ಹಗ್ಗ ಹಿಡಿದು ನಡೆಯತೊಡಗಿದಳು. ಹಗ್ಗದ ಸುತ್ತ ಅವಳ ಹತ್ತೂ ಉಗುರು ಕೆಂಪಾಗಿದ್ದವು. ಅಪ್ಪನ ಕೋಲು ಹಿಡಿದು ನಾನು ಬೀಸಿದ್ದು ಎರಡು ಸಲವೂ ತಪ್ಪಿತು.

"ಸ್ವಲ್ಪ ಮೆಲ್ಲ ಎಳಿ ಅಮ್ಮಾ!"

ಅಮ್ಮ ತಿರುಗಿ ನೋಡಲಿಲ್ಲ. "ಹೊಳೆ ನಿಂಗೋಸ್ಕರ ಮೆಲ್ಲ ಹೋಗ್ತದಾ?" ಎಂದಳು. "ಬೀಸು."