ವಿನೋದಾ ಮುರಿದ ಆಣೆ

ಸಹೋದರ ಸಹೋದರಿಯರೇ, ಕೈಯಲ್ಲಿರುವ ಕೆಲಸವನ್ನು ಅರೆಗಳಿಗೆ ಬದಿಗಿಟ್ಟು ಕೇಳಿರಿ. ಮುಂಬಯಿ ಬಳಿಯ ಡೊಂಬಿವಲಿ ಪೂರ್ವದ ಹಳೆಯ ಕಟ್ಟಡವೊಂದರ ಮೂರನೆಯ ಮಾಳಿಗೆಯಲ್ಲಿ ಸೀರೆಗೆ ಫಾಲ್ ಹಚ್ಚಿ, ರವಿಕೆ ಹೊಲಿದು, ಇಬ್ಬರು ಹೆಣ್ಣುಮಕ್ಕಳನ್ನು ದಡ ಸೇರಿಸಿದ ವಿನೋದಾ ಎಂಬ ತಾಯಿಯ ವೃತ್ತಾಂತವಿದು. ಆಕೆ ವೇದಿಕೆ ಏರಿದವಳಲ್ಲ. ಅಲ್ಲಿನ ಕರಾವಳಿ ಜನರ ಪೂಜಾ ಸಮಿತಿ ನಡೆಸುವ ಶನಿವಾರದ ಪೂಜೆಯಲ್ಲಿ ಹೆಂಗಸರ ಸಾಲಿನ ಕೊನೆಗೆ ಗೋಡೆಗೊರಗಿ ಕುಳಿತು, ಗಂಡ ತಾರಾನಾಥರು ಶನಿದೇವರ ಮಹಿಮೆಯ ಪದ್ಯಗಳಿಗೆ ಅರ್ಥ ಹೇಳುವುದನ್ನು ಕಣ್ಣು ಮುಚ್ಚಿ ಕೇಳುವವಳು.

ತಾರಾನಾಥರು ಕಲ್ಯಾಣದ ಹೋಟೆಲೊಂದರಲ್ಲಿ ಮ್ಯಾನೇಜರಾಗಿದ್ದು ನಿವೃತ್ತರಾದವರು. 2013ರ ಮಳೆಗಾಲ ಮುಗಿಯುವ ಹೊತ್ತಿಗೆ, ಬೇರಾವುದೋ ಪರೀಕ್ಷೆಗೆ ಹೋದಾಗ, ಅವರ ಹೊಟ್ಟೆಯೊಳಗಿನ ಮಹಾಧಮನಿ ಬಲೂನಿನಂತೆ ಉಬ್ಬಿರುವುದು ಕಂಡಿತು. ನೆರೂಳದ ಆಸ್ಪತ್ರೆಯ ರಕ್ತನಾಳ ತಜ್ಞರಾದ ಡಾ. ಹಯಗ್ರೀವರು ವಿಜಯಪುರದ ಕಡೆಯವರು. ಚಿತ್ರ ಬರೆದು ವಿವರಿಸಿದರು. ಹೃದಯ ದುರ್ಬಲವಾದ್ದರಿಂದ ಹೊಟ್ಟೆ ಕೊಯ್ಯುವಂತಿಲ್ಲ. ತೊಡೆಸಂದಿಯ ನಾಳದ ಮೂಲಕ ಬಟ್ಟೆಯ ಕೊಳವೆಯೊಂದನ್ನು ಒಳಗೆ ಕೂರಿಸಬೇಕು. ಆದರೆ ಉಬ್ಬು ಮೂತ್ರಪಿಂಡಗಳಿಗೆ ನಾಳ ಕವಲೊಡೆಯುವ ಜಾಗದಲ್ಲಿಯೇ ಆರಂಭವಾಗಿತ್ತು. ಮಾಮೂಲಿ ಕೊಳವೆಗೆ ಹಿಡಿದು ನಿಲ್ಲಲು ಗಟ್ಟಿ ನೆಲೆಯಿಲ್ಲ; ಮೇಲಕ್ಕೆ ಸರಿಸಿದರೆ ಮೂತ್ರಪಿಂಡಗಳ ದಾರಿಯೇ ಮುಚ್ಚುತ್ತದೆ. ಆದ್ದರಿಂದ ತಾರಾನಾಥರದೇ ಅಳತೆಯ, ಮೂತ್ರಪಿಂಡದ ನಾಳಗಳಿಗೆ ಕಿಂಡಿ ಬಿಟ್ಟ ಕೊಳವೆ ವಿದೇಶದಲ್ಲಿ ತಯಾರಾಗಿ ಬರಬೇಕು. ಎಂಟು ವಾರ ಕಾಯಬೇಕು. ತೋಳಿನ ಸಂದು ಒಂದು ಬೆರಳು ತಪ್ಪಿದರೆ ರವಿಕೆಯ ಗತಿಯೇನೆಂದು ಬಲ್ಲ ವಿನೋದಾಳಿಗೆ ಇದು ತಟ್ಟನೆ ತಿಳಿಯಿತು. ಅಷ್ಟರೊಳಗೆ ಬೆನ್ನಿನಲ್ಲೋ ಹೊಟ್ಟೆಯಲ್ಲೋ ಹೊಸ ನೋವು ಬಂದರೆ ಅದು ನಾಳ ಒಡೆಯುವ ಸೂಚನೆ, ಕೂಡಲೇ ತಿಳಿಸಬೇಕು ಎಂದು ವೈದ್ಯರು ಎರಡೆರಡು ಬಾರಿ ಎಚ್ಚರಿಸಿ ಕಳುಹಿಸಿದರು.

ಐದನೆಯ ವಾರದ ಶುಕ್ರವಾರ ಬೆನ್ನಿನಲ್ಲಿ ಆ ನೋವು ಬಂತು. ಮರುದಿನವೇ ಪೂಜಾ ಸಮಿತಿಯ ವಾರ್ಷಿಕ ಮಹಾಪೂಜೆ. ಇದು ಶನಿದೇವರು ಒಡ್ಡಿದ ಪರೀಕ್ಷೆ, ಅರ್ಥ ಹೇಳಿ ಮುಗಿಸಿದರೆ ತಾನಾಗಿ ಇಳಿಯುತ್ತದೆ ಎಂದರು ತಾರಾನಾಥರು. ಹೆಂಡತಿಯ ಕೈಯನ್ನು ತಮ್ಮ ತಲೆಯ ಮೇಲಿಟ್ಟುಕೊಂಡು, ಪೂಜೆ ಮುಗಿಯುವ ತನಕ ಯಾರಿಗೂ ಹೇಳುವುದಿಲ್ಲವೆಂದು ಆಣೆ ಹಾಕಿಸಿಕೊಂಡರು.

ಕರಾವಳಿಯ ನಮ್ಮ ಜನಕ್ಕೆ ತಲೆ ಮುಟ್ಟಿದ ಆಣೆ ಆಟದ ಮಾತಲ್ಲ. ಮುರಿದರೆ ಮುಟ್ಟಿದ ತಲೆಗೇ ಕೇಡು ಎಂಬ ಭಯ ಎದೆಹಾಲಿನೊಂದಿಗೆ ಬಂದದ್ದು. ಬಾಯಿ ಬಿಟ್ಟರೆ ಆಣೆ ಕೊಲ್ಲುತ್ತದೆ, ಬಿಡದಿದ್ದರೆ ನಾಳ. ಶನಿವಾರ ಮಧ್ಯಾಹ್ನದವರೆಗೂ ಆಕೆ ಬೆಂದಳು. ಪಂಚೆಯ ನೆರಿಗೆ ಹಿಡಿಯಲು ಬಾಗಿದ ಗಂಡ ಬಾಗಿದಲ್ಲಿಯೇ ನಿಂತುಬಿಟ್ಟದ್ದನ್ನೂ, ಹಣೆಯಲ್ಲಿ ತಣ್ಣನೆ ಬೆವರೊಡೆದದ್ದನ್ನೂ ಕಂಡು ದೇವರ ಪಟದ ಮುಂದೆ ಹೋಗಿ ನಿಂತಳು. ನಿಜ ಹೇಳಿದವರನ್ನು ಶಿಕ್ಷಿಸುವವನಾದರೆ ಇವನನ್ನು ಇಷ್ಟು ವರ್ಷ ನ್ಯಾಯದೇವತೆಯೆಂದು ಏಕೆ ಪೂಜಿಸಿದೆವು ಎಂಬ ಪ್ರಶ್ನೆ ಎದ್ದಿತು. ತುಳಸಿ ತರುತ್ತೇನೆಂದು ಹೇಳಿ ಕೆಳಗಿಳಿದು, ಫೈಲಿನ ಮೇಲಿದ್ದ ನಂಬರಿಗೆ ಫೋನು ಮಾಡಿದಳು.

"ಈಗಿಂದೀಗ ಹೊರಡ್ರಿ," ಎಂದರು ಹಯಗ್ರೀವರು. "ಅಲ್ಲೇ ಆಂಬುಲೆನ್ಸ್ ಹಿಡೀರಿ. ಅವರನ್ನ ನಡಸಬ್ಯಾಡ್ರಿ. ಕುರ್ಚಿ ಮ್ಯಾಲೆ ಕೂಡಿಸಿ ಎತ್ತಿ ಇಳಸ್ರಿ."

ಆಕೆ ಮೇಲೆ ಬಂದಾಗ, ಪೂಜೆಗೆ ಕರೆದೊಯ್ಯಲು ಬಂದ ಸಮಿತಿಯ ಚೆನ್ನಯ, ಗೆಳೆಯ ತಾರಾನಾಥರನ್ನು ಹಾಸ್ಯ ಮಾಡುತ್ತಿದ್ದರು. "ಎಂತ ಮಾರಾಯಾ, ಒಂದು ಪಂಚೆ ಉಡಲಿಕ್ಕೆ ಶನಿದೇವರು ರಾಶಿ ದಾಟುವ ಹಾಗೆ ಎರಡೂವರೆ ವರ್ಷ ಬೇಕಾ ನಿನಗೆ?"

ವಿನೋದಾ ಬಾಗಿಲಿಗೆ ಅಡ್ಡವಾಗಿ ನಿಂತು, ವೈದ್ಯರಿಗೆ ತಿಳಿಸಿದ್ದಾಗಿ ಹೇಳಿದಳು. ತಾರಾನಾಥರ ಮುಖ ಬಿಳಚಿತು. ತಮ್ಮ ತಲೆ ಮುಟ್ಟಿ ಆಣೆ ಹಾಕಿದ್ದಳು ಎಂದಷ್ಟೇ ಗೆಳೆಯನಿಗೆ ಹೇಳಿದರು. ಚೆನ್ನಯರ ನಗು ಅಡಗಿತು.

"ಅತ್ತಿಗೆ, ಅದು ಯಾರ ತಲೆಗೆ ಬರುತ್ತದೆ ಅಂತ ಗೊತ್ತುಂಟಾ?"

"ಗೊತ್ತುಂಟು. ಬರುವುದಿದ್ದರೆ ಮುರಿದವಳ ತಲೆಗೆ ಬರಲಿ ಅಂತ ದೇವರಲ್ಲಿ ಕೇಳಿಕೊಂಡೇ ಬಂದೆ. ನೀವು ಕುರ್ಚಿಯ ಆ ಕಡೆ ಹಿಡಿಯಿರಿ."

ನೆರೂಳದ ದಾರಿಯ ಶೀಳ್ ಫಾಟಾ ಕೂಡುರಸ್ತೆಯಲ್ಲಿ ಲಾರಿಗಳ ಸಾಲು ಅಲುಗಲಿಲ್ಲ. ಆಂಬುಲೆನ್ಸಿನ ಸೈರನ್ ಕೂಗುತ್ತಲೇ ಇತ್ತು. ತಾರಾನಾಥರು ಮುಖ ಆಚೆ ತಿರುಗಿಸಿ ಮಲಗಿದ್ದರು. ಮುನಿದು ಮಲಗಿದ್ದೋ ಜೀವ ಹೋದದ್ದೋ ತಿಳಿಯದೆ ಆಕೆ ಅವರ ಎದೆಯ ಏರಿಳಿತವನ್ನೇ ನೋಡುತ್ತ ಕುಳಿತಳು.

ಆಸ್ಪತ್ರೆಯಲ್ಲಿ ಪರೀಕ್ಷಿಸಿದಾಗ ನಾಳದ ಗೋಡೆಯೊಳಗೆ ರಕ್ತ ಜಿನುಗತೊಡಗಿತ್ತು, ಇನ್ನೂ ಒಡೆದಿರಲಿಲ್ಲ. ವಿದೇಶದ ಕೊಳವೆಗೆ ಇನ್ನೂ ಮೂರು ವಾರ. ಆಸ್ಪತ್ರೆಯಲ್ಲಿದ್ದ ಮಾಮೂಲಿ ಕೊಳವೆಯಲ್ಲಿಯೇ ತಾವು ಅಳತೆ ನೋಡಿ ಕಿಂಡಿ ಕತ್ತರಿಸುವುದಾಗಿಯೂ, ಜೀವಕ್ಕೆ ಭರವಸೆ ಕೊಡಲಾಗದೆಂದೂ ವೈದ್ಯರು ತಿಳಿಸಿದರು. ಸಹಿ ಹಾಕಿದ ವಿನೋದಾ ಒಂದೇ ಪ್ರಶ್ನೆ ಕೇಳಿದಳು: ಕತ್ತರಿಸಿದ ಅಂಚು ಬಿಚ್ಚಿಕೊಳ್ಳುವುದಿಲ್ಲವೇ?

"ಸುತ್ತ ತಂತಿ ಇಟ್ಟು ಹೊಲೀತೀನ್ರಿ ತಾಯಿ."

ಐದು ಗಂಟೆ ಹಿಡಿಯಿತು. ಬಲಗಡೆಯ ಮೂತ್ರಪಿಂಡದ ನಾಳ ಕಿಂಡಿಗೆ ಸರಿಯಾಗಿ ಕೂಡಿತು. ಡೊಂಕಾಗಿದ್ದ ಎಡಗಡೆಯದು ಎಷ್ಟು ಹುಡುಕಿದರೂ ಸಿಗಲಿಲ್ಲ. ಆ ಮೂತ್ರಪಿಂಡ ಹೋಯಿತು. ಮನುಷ್ಯ ಉಳಿದರು.

ಮೂರನೆಯ ದಿನ ತಾರಾನಾಥರು ಮೊದಲ ಬಾರಿಗೆ ಆಕೆಯತ್ತ ತಿರುಗಿದರು.

"ಮುರಿದೆಯಲ್ಲ."

"ಮುರಿದೆ."

"ಹಾಕಿಸಿದ್ದೇ ತಪ್ಪು," ಎಂದರು ತಾರಾನಾಥರು. "ದೇವರ ಹೆಸರಲ್ಲಿ ನಿನ್ನ ಬಾಯಿ ಕಟ್ಟಿದೆ. ಆ ಪಾಪ ನನ್ನದು, ನಿನ್ನದಲ್ಲ."

ಬಂಧುಗಳೇ, ನಿಮ್ಮ ಮನೆಯಲ್ಲಿಯೂ ಯಾರದೋ ನೋವನ್ನು ಮುಚ್ಚಿಡುವೆನೆಂದು ನೀವು ಮಾತು ಕೊಟ್ಟಿರಬಹುದು. ಪ್ರೀತಿಯಿಂದ ಕೊಟ್ಟಿರಬಹುದು, ಭಯದಿಂದ ಕೊಟ್ಟಿರಬಹುದು. ದೇವರ ಮುಂದೆ ನಿಂತು ಕ್ಷಮೆ ಕೇಳಿರಿ, ಆ ಮಾತನ್ನು ಮುರಿಯಿರಿ, ಇಂದೇ ಹೋಗಿ ವೈದ್ಯರಿಗೆ ಹೇಳಿರಿ.